ಲಾಕ್ ಆದ ಕಾರಿನ ಬಾಗಿಲು ತೆರೆಯಲು ಯಾವ ಸಾಮಾನು ಕೊಳ್ಳಬೇಕು? ದಾವಣಗೆರೆ, ಚಿತ್ರದುರ್ಗದ ಕೀ ಅಂಗಡಿಯವರಿಗೆ ಒಂದು ಹೋಲಿಕೆ

"ಅಣ್ಣಾ, ಹತ್ತು ಸಾವಿರ ಕೂಡಿಸಿಟ್ಟಿದ್ದೀನಿ. ಲಿಶಿ ತಗೊಳ್ಳಲಾ, ಇಲ್ಲ ಏರ್ ವೆಡ್ಜ್ ಸೆಟ್ ತಗೊಳ್ಳಲಾ?" ಲಿಶಿ ಅಂದರೆ ಕೀ ತೂತಿಗೆ ಹಾಕಿ ಲಾಕ್ ತೆರೆಯುವ ಉಪಕರಣ, ಏರ್ ವೆಡ್ಜ್ ಅಂದರೆ ಬಾಗಿಲ ಸಂದಿಗೆ ಇಟ್ಟು ಗಾಳಿ ತುಂಬುವ ಚೀಲ. ದಾವಣಗೆರೆಯಲ್ಲಿ ಹೊಸದಾಗಿ ಕೀ ಅಂಗಡಿ ಹಾಕುವ ಹುಡುಗರು ಮೊದಲು ಕೇಳುವುದೇ ಇದನ್ನ. ಹೆದ್ದಾರಿ ಪಕ್ಕದ ಗ್ಯಾರೇಜಿನವರೂ, ಟೋಯಿಂಗ್ ಗಾಡಿಯವರೂ ಇದನ್ನೇ ಸ್ವಲ್ಪ ಬೇರೆ ಥರ ಕೇಳುತ್ತಾರೆ. ಆನ್‌ಲೈನ್‌ನಲ್ಲಿ ನೋಡಿದರೆ ಹತ್ತಾರು ಬಗೆಯ ಸೆಟ್‌ಗಳು. ಎಲ್ಲದರ ಮೇಲೂ "ಎಲ್ಲ ಕಾರಿಗೂ ಆಗುತ್ತದೆ" ಅಂತ ಬರೆದಿರುತ್ತದೆ. ಆಗುವುದಿಲ್ಲ. ಮನೆಯ ಬೀಗದ ಕೆಲಸದಲ್ಲಿ ಕೈ ಪಳಗಿದವರೂ ಕಾರಿನ ಮುಂದೆ ನಿಂತಾಗ ತಬ್ಬಿಬ್ಬಾಗುವುದು ಇದಕ್ಕೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸಾಮಾನು ನೋಡಿ ದುಡ್ಡು ಹಾಕಬೇಡಿ, ನಿಮ್ಮ ಅಂಗಡಿಗೆ ಬರುವ ಕಾರು ನೋಡಿ ಹಾಕಿ. ಅಶೋಕ ರಸ್ತೆಯ ಕೀ ಅಂಗಡಿಗೆ ಬೇಕಾದ ಚೀಲ ಬೇರೆ, ಚಿತ್ರದುರ್ಗದ ಬೈಪಾಸ್‌ನಲ್ಲಿ ರಾತ್ರಿ ಕೆಲಸ ಮಾಡುವವರ ಚೀಲ ಬೇರೆ.

ಯಾವುದನ್ನು ಅಳೆಯಬೇಕು

ಮೊದಲನೆಯದು, ಗಾಡಿಗೆ ಪೆಟ್ಟು. ಬಾಗಿಲು ತೆರೆದದ್ದಕ್ಕೆ ಸಿಗುವುದು ಕೆಲವು ನೂರು ರೂಪಾಯಿ. ಬಾಗಿಲ ಚೌಕಟ್ಟು ಸ್ವಲ್ಪ ಬಾಗಿದರೂ ಟಿಂಕರಿಂಗ್, ಪೇಂಟಿಂಗ್ ಅಂತ ಅದರ ಹತ್ತು ಪಟ್ಟು ಕೊಡಬೇಕಾಗುತ್ತದೆ. ಅದಕ್ಕೇ ಇದನ್ನು ಬೆಲೆಗಿಂತ ಮೊದಲು ಇಟ್ಟಿದ್ದೇನೆ.

ಎರಡನೆಯದು, ಎಷ್ಟು ಬಗೆಯ ಕಾರಿಗೆ ಬರುತ್ತದೆ ಎನ್ನುವುದು. ಮೂರನೆಯದನ್ನು ಹೆಚ್ಚಿನವರು ಯೋಚನೆಯೇ ಮಾಡುವುದಿಲ್ಲ: ಬಾಗಿಲು ತೆರೆದ ಮೇಲೆ ಮುಂದೇನು? ಕೀ ಸೀಟಿನ ಮೇಲೆ ಬಿದ್ದಿದ್ದರೆ ಬಾಗಿಲು ತೆರೆದರೆ ಕೆಲಸ ಮುಗಿಯಿತು. ಆದರೆ ಕೀ ಕುಂದವಾಡ ಕೆರೆಯಲ್ಲಿ ಬಿದ್ದಿದ್ದರೆ? ಆಗ ಹೊಸ ಕೀ ಬೇಕು. ಬರೀ ಬಾಗಿಲು ತೆರೆಯುವ ಸಾಮಾನಿನಿಂದ ಅಲ್ಲಿ ಪ್ರಯೋಜನ ಇಲ್ಲ.

ಆಮೇಲೆ ಕಲಿಯಲು ಹಿಡಿಯುವ ಸಮಯ. ಕತ್ತಲಲ್ಲಿ, ರಸ್ತೆ ಪಕ್ಕ, ಒಬ್ಬರೇ ನಿಂತು ಮಾಡಬಹುದಾ ಎನ್ನುವುದು. ಕೊನೆಗೆ ಬೆಲೆ.

ಬಾಗಿಲಿನ ಒಳಗೆ ಏನಿದೆ ಎಂಬುದನ್ನೂ ಸ್ವಲ್ಪ ತಿಳಿದಿರಬೇಕು. ಹಳೆಯ ಕಾರುಗಳಲ್ಲಿ ಕೀ ಸಿಲಿಂಡರ್‌ನಿಂದಲೂ ಮೇಲಿನ ಲಾಕ್ ಗುಬುಟಿನಿಂದಲೂ ಕಬ್ಬಿಣದ ಸಣ್ಣ ಸರಳುಗಳು ಲಾಕ್‌ವರೆಗೆ ಹೋಗಿರುತ್ತವೆ. ಹೊಸ ಕಾರುಗಳಲ್ಲಿ ಸರಳಿನ ಜಾಗಕ್ಕೆ ಹೊದಿಕೆ ಇರುವ ಕೇಬಲ್ ಬಂದಿದೆ, ಲಾಕ್ ತಿರುಗಿಸಲು ಮೋಟಾರು ಬಂದಿದೆ. ಜೊತೆಗೆ ಪವರ್ ವಿಂಡೋ, ಸ್ಪೀಕರ್, ಕನ್ನಡಿಯ ವೈರುಗಳೆಲ್ಲ ಅದೇ ಬಾಗಿಲಿನೊಳಗೆ. ಕೆಲವು ಕಾರುಗಳಲ್ಲಿ ಪಕ್ಕದಿಂದ ಗುದ್ದು ಬಿದ್ದರೆ ಏರ್‌ಬ್ಯಾಗ್‌ಗೆ ಸುದ್ದಿ ಮುಟ್ಟಿಸುವ ಸೆನ್ಸರ್ ಕೂಡ ಬಾಗಿಲಿನಲ್ಲೇ ಇರುತ್ತದೆ. ಈ ಒಂದು ಬದಲಾವಣೆಯಿಂದಲೇ ಹಳೆಯ ಸಾಮಾನು ಹಿಂದೆ ಬಿದ್ದು ಹೊಸವು ಮುಂದೆ ಬಂದವು.

ಉಕ್ಕಿನ ಪಟ್ಟಿ

ಸ್ಲಿಮ್ ಜಿಮ್ ಅಂತ ಕರೆಯುವುದು ಇದನ್ನೇ. ಎರಡು ಅಡಿ ಉದ್ದದ ತೆಳು ಉಕ್ಕಿನ ಪಟ್ಟಿ, ತುದಿಯಲ್ಲಿ ಕೊಕ್ಕೆ. ಗಾಜಿಗೂ ರಬ್ಬರ್ ಬೀಡಿಂಗ್‌ಗೂ ನಡುವೆ ಇಳಿಸಿ ಒಳಗಿನ ಸರಳನ್ನು ಹಿಡಿಯುವ ಲೆಕ್ಕ. ಬೆಲೆ ಕಡಿಮೆ, ಹಗುರ, ಜೇಬಿನಲ್ಲಿ ಅಲ್ಲದಿದ್ದರೂ ಸೀಟಿನ ಕೆಳಗೆ ಇಡಬಹುದು. ಮಾರುತಿ 800, ಓಮ್ನಿ, ಅಂಬಾಸಿಡರ್ ಕಾಲದಲ್ಲಿ ಇದೊಂದಿದ್ದರೆ ಸಾಕಿತ್ತು.

ಆದರೆ ಆ ಗಾಡಿಗಳು ಈಗ ಎಷ್ಟಿವೆ? ಮಾರುತಿ 800, ಅಂಬಾಸಿಡರ್ ಎರಡರ ತಯಾರಿಯೂ 2014ರಲ್ಲಿ ನಿಂತಿತು, ಓಮ್ನಿ 2019ರಲ್ಲಿ. ಚನ್ನಗಿರಿ, ಹೊಳಲ್ಕೆರೆ, ಚಳ್ಳಕೆರೆ ಕಡೆಯ ಹಳ್ಳಿಗಳಲ್ಲಿ ಓಮ್ನಿ ಇನ್ನೂ ಓಡುತ್ತಿವೆ. ಆ ಕಡೆ ಅಂಗಡಿ ಇದ್ದರೆ ಒಂದು ಪಟ್ಟಿ ಇಟ್ಟುಕೊಳ್ಳಿ, ತಪ್ಪಿಲ್ಲ. ಹೊಸ ಕಾರಿನೊಳಗೆ ಮಾತ್ರ ಇದನ್ನು ಇಳಿಸಬೇಡಿ. ಅಲ್ಲಿ ಹಿಡಿಯಲು ಸರಳೇ ಇಲ್ಲ, ಸಿಗುವುದು ವೈರು. ವಿದ್ಯಾನಗರದ ಒಬ್ಬರ ಕಾರಿನಲ್ಲಿ ಯಾರೋ ಹೀಗೆ ಪಟ್ಟಿ ಆಡಿಸಿ, ಬಾಗಿಲೂ ತೆರೆಯಲಿಲ್ಲ, ಪವರ್ ವಿಂಡೋ ಕೂಡ ಸತ್ತಿತ್ತು. ಬಾಗಿಲಿನ ಒಳಹೊದಿಕೆ ಬಿಚ್ಚಿ ನೋಡಿದಾಗ ವೈರಿನ ಸಿಪ್ಪೆ ಸುಲಿದು ತಾಮ್ರ ಕಾಣುತ್ತಿತ್ತು.

ಗಾಳಿ ಚೀಲ, ಉದ್ದ ಸರಳು

ಈಗ ಹೆಚ್ಚಿನವರ ಮೊದಲ ಆಯ್ಕೆ ಇದು. ಆಗಲೂ ಬೇಕು. ಬಿಪಿ ನೋಡುವಾಗ ತೋಳಿಗೆ ಸುತ್ತುವ ಪಟ್ಟಿ ಇರುತ್ತದಲ್ಲ, ಏರ್ ವೆಡ್ಜ್ ಹೆಚ್ಚುಕಡಿಮೆ ಅಂಥದ್ದೇ. ಚಪ್ಪಟೆ ಚೀಲ, ಅದಕ್ಕೊಂದು ಕೈಪಂಪು. ಬಾಗಿಲ ಮೂಲೆಯಲ್ಲಿ ಸಣ್ಣ ಸಂದು ಮಾಡಿಕೊಟ್ಟು, ಒಂದು ಉದ್ದ ಸರಳು ಹೋಗಲು ಜಾಗ ಬಿಡುತ್ತದೆ. ಆ ಸರಳಿನಿಂದ ಒಳಗಿನ ಅನ್‌ಲಾಕ್ ಬಟನ್ ಒತ್ತುವುದೋ, ಹಿಡಿ ಎಳೆಯುವುದೋ ಮಾಡುತ್ತಾರೆ.

ಇದರ ದೊಡ್ಡ ಗುಣ ಒಂದೇ. ಬಾಗಿಲಿನ ಹೊಟ್ಟೆಯೊಳಗೆ ಕೈ ಹಾಕುವುದಿಲ್ಲ, ಲಾಕ್ ಸಿಲಿಂಡರನ್ನೂ ಮುಟ್ಟುವುದಿಲ್ಲ. ಹಾಗಾಗಿ ಕೀ ಯಾವ ಬಗೆಯದಾದರೂ ಇದಕ್ಕೆ ಚಿಂತೆ ಇಲ್ಲ. ಸ್ವಿಫ್ಟ್, ಐ20, ನೆಕ್ಸಾನ್, ಇನ್ನೋವಾ, ಬೊಲೆರೊ, ಎಲ್ಲದರ ಮುಂದೆಯೂ ಒಂದೇ ಚೀಲ ಹಿಡಿದು ನಿಲ್ಲಬಹುದು. ಕಲಿಯುವುದೂ ಬೇಗ. ಗುರು ಜೊತೆ ಕೆಲವು ಗಾಡಿ ನೋಡಿದರೆ ಕೈ ಕುದುರುತ್ತದೆ.

ಈಗ ತೊಂದರೆಗಳು. ಇವನ್ನು ಮಾರುವವರು ಹೇಳುವುದಿಲ್ಲ.

ಜಾಸ್ತಿ ಗಾಳಿ ತುಂಬಿದರೆ ಬಾಗಿಲ ಮೇಲಿನ ಚೌಕಟ್ಟು ಬಾಗುತ್ತದೆ. ಬಾಗಿದ್ದು ಕಣ್ಣಿಗೆ ಕಾಣದೇ ಇರಬಹುದು. ಮಳೆಗಾಲದಲ್ಲಿ ಒಳಗೆ ನೀರು ಬಂದಾಗ, 80ರ ವೇಗದಲ್ಲಿ ಗಾಳಿ ಸೀಟಿ ಹೊಡೆದಾಗ ಗಿರಾಕಿಗೆ ಗೊತ್ತಾಗುತ್ತದೆ. ಅದಕ್ಕೇ ಒಂದು ದೊಡ್ಡ ಚೀಲಕ್ಕಿಂತ ಎರಡು ಸಣ್ಣ ಚೀಲ ಒಳ್ಳೆಯದು, ಒತ್ತಡ ಹಂಚಿಹೋಗುತ್ತದೆ. ಸರಳಿಗೆ ಬೇಕಾದಷ್ಟೇ ಸಂದು, ಅದಕ್ಕಿಂತ ಒಂದು ಕೂದಲೂ ಹೆಚ್ಚು ಬೇಡ. ನಮ್ಮ ಬಿಸಿಲಿನಲ್ಲಿ ನಾಲ್ಕಾರು ವರ್ಷ ನಿಂತ ಗಾಡಿಯ ರಬ್ಬರ್ ಬೀಡಿಂಗ್ ಗಟ್ಟಿಯಾಗಿ ಪೆಡಸಾಗಿರುತ್ತದೆ. ಎಳೆದರೆ ಹರಿಯುತ್ತದೆ. ಅಂಥ ಗಾಡಿಯಲ್ಲಿ ಅವಸರ ಮಾಡಲೇಬಾರದು.

ಎರಡನೆಯ ತೊಂದರೆ, ಪೇಂಟ್. ಸರಳು ಲೋಹದ್ದು, ಅಂಚು ಪೇಂಟಿನದ್ದು. ಸರಳು ಹೋಗುವ ಜಾಗಕ್ಕೆ ಪ್ಲಾಸ್ಟಿಕ್ ಹೊದಿಕೆ ಇಡದೆ ಕೆಲಸ ಮಾಡಬೇಡಿ. ಒಳ್ಳೆಯ ಸೆಟ್‌ನಲ್ಲಿ ಇದು ಜೊತೆಗೇ ಬರುತ್ತದೆ. ಧೂಳಿನ ಗಾಡಿಯಾದರೆ ಮೊದಲು ಆ ಜಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ನಮ್ಮಲ್ಲಿ ಧೂಳಿಲ್ಲದ ಗಾಡಿ ಎಲ್ಲಿದೆ ಹೇಳಿ? ಆ ಧೂಳೇ ಚೀಲದ ಕೆಳಗೆ ಸಿಕ್ಕು ಮರಳು ಕಾಗದದ ಕೆಲಸ ಮಾಡುತ್ತದೆ.

ಮೂರನೆಯದು, ಸರಳು ಒಳಗೆ ಹೋದರೂ ಬಾಗಿಲು ತೆರೆಯದಿರುವುದು. ಕೆಲವು ಕಾರುಗಳಲ್ಲಿ ಹೊರಗಿನಿಂದ ರಿಮೋಟ್‌ನಲ್ಲಿ ಲಾಕ್ ಮಾಡಿದ ಮೇಲೆ ಒಳಗಿನ ಬಟನ್‌ಗೂ ಹಿಡಿಗೂ ಜೀವ ಇರುವುದಿಲ್ಲ. ಕಳ್ಳರನ್ನು ತಡೆಯಲು ಅಂತಲೇ ಮಾಡಿದ ವ್ಯವಸ್ಥೆ ಅದು. ಹಿಂದಿನ ಬಾಗಿಲಿಗೆ ಚೈಲ್ಡ್ ಲಾಕ್ ಹಾಕಿದ್ದರೆ ಒಳಗಿನ ಹಿಡಿ ಎಷ್ಟು ಎಳೆದರೂ ಅಷ್ಟೇ. ಬ್ಯಾಟರಿ ಪೂರ್ತಿ ಇಳಿದ ಗಾಡಿಯಲ್ಲಿ ಬಟನ್ ಒತ್ತಿ ಉಪಯೋಗ ಇಲ್ಲ. ಗಾಜಿನ ಸುತ್ತ ಚೌಕಟ್ಟೇ ಇಲ್ಲದ ದುಬಾರಿ ಕಾರುಗಳ ಹತ್ತಿರ ಈ ಚೀಲ ಒಯ್ಯಲೇಬಾರದು.

ಕೊಳ್ಳುವಾಗ ಏನು ನೋಡಬೇಕು? ಚೀಲಕ್ಕೆ ಗಾಳಿ ತುಂಬಿ ಹತ್ತು ನಿಮಿಷ ಹಾಗೇ ಬಿಡಿ. ಮೆತ್ತಗಾದರೆ ವಾಪಸ್ ಕೊಡಿ. ಸರಳು ಸುಮ್ನೆ ಕೈಯಲ್ಲಿ ಹಿಡಿದರೆ ಗಟ್ಟಿ ಕಾಣುತ್ತದೆ, ಆದರೆ ತುದಿಯಲ್ಲಿ ಒತ್ತಿದಾಗ ಬಳುಕಿದರೆ ಬಟನ್ ಒತ್ತಲು ಆಗುವುದಿಲ್ಲ. ತುದಿಗೆ ರಬ್ಬರ್ ಟೋಪಿ ಇರಬೇಕು, ಮೈಮೇಲೆ ಹೊದಿಕೆ ಇರಬೇಕು. ಬರೀ ಚೀಲ ಕೆಲವು ನೂರು ರೂಪಾಯಿಗೇ ಸಿಗುತ್ತದೆ, ಸರಳು ಸೇರಿದ ಒಳ್ಳೆಯ ಸೆಟ್‌ಗೆ ಕೆಲವು ಸಾವಿರ ಆಗುತ್ತದೆ. ಚೀಲದಲ್ಲಿ ದುಡ್ಡು ಉಳಿಸಿದರೂ ಸರಳಿನಲ್ಲಿ ಉಳಿಸಬೇಡಿ.

ಲಿಶಿ

ಕೀ ಕೆಲಸವನ್ನೇ ಬದುಕು ಮಾಡಿಕೊಂಡವರಿಗೆ ನಾನು ಕೊನೆಗೆ ತೋರಿಸುವ ದಾರಿ ಇದೇ. ಚೀನಾದ ಕೀ ಕೆಲಸಗಾರರೊಬ್ಬರು ರೂಪಿಸಿದ್ದು, ಅವರ ಹೆಸರಿನಿಂದಲೇ ಲೋಕಕ್ಕೆಲ್ಲ ಪರಿಚಯವಾಯಿತು. ಕೀ ತೂತಿನಲ್ಲೇ ಹೋಗುವ ಸಣ್ಣ ಉಪಕರಣ. ಮೇಲೆ ಅಳತೆ ಗೆರೆಗಳ ಒಂದು ಹಲಗೆ. ಕಾರಿನ ಲಾಕ್‌ನೊಳಗೆ ಸಾಲಾಗಿ ತೆಳು ತಗಡುಗಳಿರುತ್ತವೆ, ಸರಿಯಾದ ಕೀ ಹೋದಾಗ ಅವೆಲ್ಲ ಒಂದು ಮಟ್ಟಕ್ಕೆ ಬರುತ್ತವೆ. ಲಿಶಿ ಅವನ್ನು ಒಂದೊಂದಾಗಿ ಮುಟ್ಟಿ ನೋಡುತ್ತದೆ. ಲಾಕ್ ತೆರೆದ ಮೇಲೆ ಪ್ರತಿ ತಗಡಿನ ಆಳ ಎಷ್ಟು ಅಂತ ಅದೇ ಹಲಗೆಯ ಮೇಲೆ ಓದಬಹುದು. ಆ ಅಂಕಿಗಳಿಂದ ಹೊಸ ಕೀ ಕತ್ತರಿಸಬಹುದು.

ಇಲ್ಲಿಯೇ ಅದು ಗಾಳಿ ಚೀಲವನ್ನು ಹಿಂದೆ ಹಾಕುವುದು. ಕೀ ಕಳೆದುಹೋದ ಗಾಡಿಗೂ ಇದೇ ಸಾಮಾನು. ಬಾಗಿಲಿಗೆ ಗೀರಿಲ್ಲ, ಬೀಡಿಂಗ್‌ಗೆ ಪೆಟ್ಟಿಲ್ಲ. ಬ್ಯಾಟರಿ ಸತ್ತಿದ್ದರೂ ನಡೆಯುತ್ತದೆ.

ಆದರೆ ಒಂದು ಲಿಶಿ ಒಂದೇ ಬಗೆಯ ಕೀ ಹಾದಿಗೆ, ಅಂದರೆ ಒಂದೇ ಆಕಾರದ ಕೀ ತೂತಿಗೆ. ಫೋಕ್ಸ್‌ವ್ಯಾಗನ್, ಸ್ಕೋಡಾದ ಬಹಳಷ್ಟು ಕಾರುಗಳಿಗೆ ಎಚ್‌ಯು 66 ಎಂಬ ಬಗೆ, ಅವರದೇ ಕೆಲವು ಹೊಸ ಮಾದರಿಗಳಿಗೆ ಎಚ್‌ಯು 162. ಹೋಂಡಾಗೆ ಎಚ್‌ಒಎನ್ 66. ಫೋರ್ಡ್ ಇಕೋಸ್ಪೋರ್ಟ್‌ಗೆ ಎಚ್‌ಯು 101. ಮಾರುತಿ ಒಂದರಲ್ಲೇ ಒಂದಕ್ಕಿಂತ ಹೆಚ್ಚು ಬಗೆ ಇದೆ, ಹುಂಡೈಯಲ್ಲೂ ಹಾಗೇ. ಒಂದೊಂದಕ್ಕೂ ಸಾವಿರಗಟ್ಟಲೆ ಬೆಲೆ. ಎಲ್ಲವನ್ನೂ ಕೊಂಡರೆ ಒಂದು ಸೆಕೆಂಡ್ ಹ್ಯಾಂಡ್ ಬೈಕಿನ ದುಡ್ಡು ಹೋಗುತ್ತದೆ. ಪೂರ್ತಿ ಪೆಟ್ಟಿಗೆ ಕೊಂಡು ಅರ್ಧದಷ್ಟನ್ನು ಮುಟ್ಟದೇ ಇಟ್ಟವರು ಬಹಳ.

ನೀವು ಮಾಡಬೇಕಾದ್ದು ಇಷ್ಟೆ. ಒಂದು ತಿಂಗಳು ಅಂಗಡಿಗೆ ಡುಪ್ಲಿಕೇಟ್ ಕೀ ಮಾಡಿಸಲು ಬರುವ ಪ್ರತಿ ಕಾರಿನ ಹೆಸರು, ವರ್ಷ, ಕೀ ಬ್ಲೇಡಿನ ಬಗೆ ಬರೆದಿಡಿ. ತಿಂಗಳ ಕೊನೆಗೆ ಯಾವ ಮೂರು ಬಗೆ ಹೆಚ್ಚು ಬಂದಿವೆಯೋ ಆ ಮೂರು ಲಿಶಿ ಮಾತ್ರ ಕೊಳ್ಳಿ. ದಾವಣಗೆರೆಯಲ್ಲಿ ಮಾರುತಿ, ಹುಂಡೈ, ಟೊಯೊಟಾ ಬಿಟ್ಟು ಪಟ್ಟಿ ಶುರುವಾಗುವುದು ಕಷ್ಟ. ಇನ್ನೊಂದು ಲೆಕ್ಕವೂ ಇದೆ. ಷೆವರ್ಲೆ 2017ರಲ್ಲಿ ಭಾರತದಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ಇಲ್ಲಿನ ತಯಾರಿ ನಿಲ್ಲಿಸುವುದಾಗಿ ಹೇಳಿತು. ಆದರೆ ಆ ಗಾಡಿಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಕೈ ಬದಲಾಗುತ್ತಾ ಇವೆ, ಎಷ್ಟೋ ಸಲ ಒಂದೇ ಕೀ ಜೊತೆ. ಅಂಥವರು ಶೋರೂಂಗಿಂತ ಮೊದಲು ನಿಮ್ಮ ಅಂಗಡಿಗೇ ಬರುತ್ತಾರೆ. ಹಾಗಾಗಿ ಆ ಬಗೆಯ ಒಂದು ಲಿಶಿ ನಿಧಾನಕ್ಕೆ ದುಡ್ಡು ಕೊಡುತ್ತದೆ.

ಕಲಿಕೆ ಬಗ್ಗೆ ನೇರವಾಗಿ ಹೇಳುತ್ತೇನೆ. ಇದು ಒಂದು ವಾರದ ಕೆಲಸ ಅಲ್ಲ. ಗುಜರಿ ಅಂಗಡಿಯಿಂದ ಹಳೆಯ ಬಾಗಿಲಿನ ಸಿಲಿಂಡರ್ ತಂದು ಟೇಬಲ್ ಮೇಲೆ ಇಟ್ಟುಕೊಂಡು ತಿಂಗಳುಗಟ್ಟಲೆ ಕೂರಬೇಕು. ಬೆರಳಿನ ತುದಿಗೆ ಒಳಗಿನ ತಗಡು ಗೊತ್ತಾಗುವವರೆಗೆ ಗಿರಾಕಿಯ ಗಾಡಿಗೆ ಹಾಕಬೇಡಿ. ಬಲ ಹಾಕಿದರೆ ಲಿಶಿಯ ತುದಿ ಲಾಕ್‌ನೊಳಗೇ ಮುರಿಯುತ್ತದೆ. ಆಗ ಸಾಮಾನೂ ಹೋಯಿತು, ಲಾಕೂ ಹೋಯಿತು. ಬಾಗಿಲಿನ ಕೀ ತೂತು ವರ್ಷಗಟ್ಟಲೆ ಬಳಸದೆ ಧೂಳು, ತುಕ್ಕು ಹಿಡಿದಿದ್ದರೆ ಪಳಗಿದ ಕೈಯೂ ಒದ್ದಾಡುತ್ತದೆ. ಈಗ ಎಲ್ಲರೂ ರಿಮೋಟ್ ಬಳಸುವುದರಿಂದ ಇಂಥ ಲಾಕ್‌ಗಳೇ ಜಾಸ್ತಿ. ನಕಲಿ ಲಿಶಿಗಳೂ ಮಾರುಕಟ್ಟೆ ತುಂಬ ಇವೆ. ಅಳತೆ ಗೆರೆ ಒಂದು ಎಳೆ ಆಚೀಚೆ ಇದ್ದರೂ ನೀವು ಓದುವ ಅಂಕಿ ತಪ್ಪು, ಕತ್ತರಿಸಿದ ಕೀ ದಂಡ. ಕೆಲಸಗಾರರಿಗೇ ಮಾರುವ ನಂಬಿಕೆಯ ಅಂಗಡಿಯಿಂದ, ಬಿಲ್ ಜೊತೆ ತನ್ನಿ.

ಇನ್ನೊಂದು ಮಾತು ಗಿರಾಕಿಗೆ ಮೊದಲೇ ಹೇಳಿ. ಲಿಶಿಯಿಂದ ಓದಿ ಕೀ ಕತ್ತರಿಸಿದರೆ ಬಾಗಿಲು ತೆರೆಯುತ್ತದೆ, ಆದರೆ ಎಂಜಿನ್ ಶುರುವಾಗುತ್ತದೆ ಅಂತಲ್ಲ. ಇಮೊಬಿಲೈಸರ್, ಅಂದರೆ ಸರಿಯಾದ ಕೀ ಇಲ್ಲದೆ ಎಂಜಿನ್ ಶುರುವಾಗದಂತೆ ತಡೆಯುವ ವ್ಯವಸ್ಥೆ ಇರುವ ಗಾಡಿಗೆ ಕೀ ಒಳಗೆ ಚಿಪ್ ಬೇಕು, ಆ ಚಿಪ್ಪನ್ನು ಗಾಡಿಗೆ ಪರಿಚಯಿಸುವ ಯಂತ್ರ ಬೇಕು. ಅದು ಬೇರೆಯೇ ಬಂಡವಾಳ.

ಕೀ ಗೊಂಚಲು, ಪಿಕ್ ಗನ್

ಜಿಗ್ಲರ್ ಅಂತ ಮಾರುವ, ಲಾಕ್‌ಗೆ ಒಂದೊಂದಾಗಿ ಹಾಕಿ ಅಲ್ಲಾಡಿಸಿ ನೋಡುವ ಕೀ ಗೊಂಚಲು ಅಗ್ಗ. ಸವೆದುಹೋದ ಹಳೆಯ ಲಾಕ್‌ಗೆ ಒಮ್ಮೊಮ್ಮೆ ಬರುತ್ತದೆ, ಲೇಸರ್ ಕೀ, ಅಂದರೆ ಅಂಚಿನಲ್ಲಿ ಹಲ್ಲಿರದೆ ಮೈಮೇಲೆ ಗೆರೆ ಕೊರೆದ ಕೀ ಬಳಸುವ ಗಾಡಿಗೆ ಬರುವುದಿಲ್ಲ. ಕುದುರೆ ಎಳೆದರೆ ಬೀಗದೊಳಗೆ ಪೆಟ್ಟು ಕೊಡುವ ಪಿಕ್ ಗನ್ ಮನೆಯ ಬೀಗಕ್ಕೆ ಸರಿ, ಕಾರಿನ ತಗಡಿನ ಲಾಕ್‌ಗೆ ಅದು ಮಾಡಿದ್ದಲ್ಲ. ಎರಡಕ್ಕೂ ದುಡ್ಡು ಹಾಕಬೇಡಿ.

ಬಟನ್ ಸ್ಟಾರ್ಟ್ ಕಾರು ಬಂದರೆ

ಇಲ್ಲಿ ಎಷ್ಟೋ ಸಲ ಯಾವ ಸಾಮಾನೂ ಬೇಡ. "ರಿಮೋಟ್ ಕೈಯಲ್ಲೇ ಇದೆ, ಬಾಗಿಲು ತೆರೆಯುತ್ತಿಲ್ಲ" ಅಂತ ಫೋನ್ ಬಂದರೆ ಮೊದಲು ಫೋನ್‌ನಲ್ಲೇ ವಿಚಾರಿಸಿ. ಹೆಚ್ಚಿನ ಸ್ಮಾರ್ಟ್ ಕೀಗಳ ಹೊಟ್ಟೆಯಲ್ಲಿ ಒಂದು ಸಣ್ಣ ಲೋಹದ ಕೀ ಅಡಗಿರುತ್ತದೆ. ಡ್ರೈವರ್ ಬಾಗಿಲಿನ ಹಿಡಿಯಲ್ಲಿ ಕೀ ತೂತು ಇರುತ್ತದೆ, ಕೆಲವು ಗಾಡಿಗಳಲ್ಲಿ ಅದರ ಮೇಲೆ ಮುಚ್ಚಳ ಇರುತ್ತದೆ. ರಿಮೋಟಿನ ಬಟನ್ ಸೆಲ್, ಹೆಚ್ಚಾಗಿ ಸಿಆರ್ 2032, ಮುಗಿದಿದ್ದರೆ ಹೊಸದು ಹಾಕಿ ನೋಡಲಿ. ಹೊಸ ಸೆಲ್ ಸಿಗುವವರೆಗೆ ರಿಮೋಟನ್ನು ಸ್ಟಾರ್ಟ್ ಬಟನ್‌ಗೆ ತಾಗಿಸಿ ಹಿಡಿದರೆ ಬಹಳ ಕಾರುಗಳು ಶುರುವಾಗುತ್ತವೆ. ಇಷ್ಟು ಹೇಳಿದರೆ ನಿಮ್ಮ ಒಂದು ಕೂಲಿ ಹೋಗಬಹುದು. ಆ ಗಿರಾಕಿ ಮಾತ್ರ ಮುಂದೆ ಎಲ್ಲ ಕೀ ಕೆಲಸಕ್ಕೂ ನಿಮ್ಮನ್ನೇ ಹುಡುಕಿ ಬರುತ್ತಾರೆ.

ಕೀ ಡಿಕ್ಕಿಯಲ್ಲಿ ಬಿದ್ದಿದ್ದರೆ ಗಾಳಿ ಚೀಲದಿಂದ ಬಾಗಿಲು ತೆರೆದು, ಹಿಂದಿನ ಸೀಟು ಮಡಚಿ ಕೈ ಹಾಕಬಹುದಾ ನೋಡಿ. ಸೀಟೂ ಮಡಚದ, ಒಳಗಿನಿಂದ ಡಿಕ್ಕಿ ತೆರೆಯಲೂ ಆಗದ ಸೆಡಾನ್ ಆದರೆ ಲಿಶಿ ಇರುವವರನ್ನೇ ಕರೆಯಬೇಕು.

ಒಳಗೆ ಮಗು ಇದ್ದರೆ

ಆಗ ಹೋಲಿಕೆಯ ಮಾತೇ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಹೊರಗೇ 40 ಡಿಗ್ರಿ ಹತ್ತಿರ ಇರುತ್ತದೆ. ಮುಚ್ಚಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಮತ್ತೆ ಏರುತ್ತದೆ. ಮಗುವಿನ ಮೈ ದೊಡ್ಡವರಿಗಿಂತ ಬೇಗ ಕಾಯುತ್ತದೆ. ಅಂಥ ಫೋನ್ ಬಂದರೆ "ಬರ್ತಾ ಇದ್ದೀನಿ" ಅಂತ ಹೇಳಿ ಅವರನ್ನು ಕಾಯಿಸಬೇಡಿ. 112ಕ್ಕೆ ಫೋನ್ ಮಾಡಿಸಿ, ಮಗುವಿನಿಂದ ದೂರ ಇರುವ ಪಕ್ಕದ ಗಾಜು ಒಡೆಯಲು ಹೇಳಿ. ಮುಂದಿನ ದೊಡ್ಡ ಗಾಜು ಎರಡು ಪದರದ್ದು, ಒಡೆದರೂ ದಾರಿ ಬಿಡುವುದಿಲ್ಲ. ಪಕ್ಕದ ಗಾಜು ಸಾಮಾನ್ಯವಾಗಿ ಹರಳಾಗಿ ಉದುರುತ್ತದೆ, ಮೂಲೆಗೆ ಹೊಡೆದರೆ ಬೇಗ. ಸ್ಪ್ರಿಂಗ್ ಇರುವ ಗಾಜು ಒಡೆಯುವ ಪಂಚ್ ಅಗ್ಗದ ಸಾಮಾನು, ನಿಮ್ಮ ಚೀಲದಲ್ಲೂ ಒಂದು ಇರಲಿ.

ಯಾರಿಗೆ ಯಾವುದು

ಹೊಸ ಅಂಗಡಿ, ಕೈಯಲ್ಲಿ ನಾಲ್ಕೈದು ಸಾವಿರ: ಎರಡು ಗಾಳಿ ಚೀಲ, ಒಂದು ಗಟ್ಟಿ ಸರಳು, ಅಂಚಿನ ಹೊದಿಕೆ, ಒಂದು ಒಳ್ಳೆಯ ಟಾರ್ಚ್. ಬೇರೆ ಏನೂ ಬೇಡ. ಕೀ ಕಳೆದುಹೋದ ಕೆಲಸ ಬಂದರೆ ಹಿರಿಯರ ಅಂಗಡಿಗೆ ಕಳಿಸಿ, ಜೊತೆಗೆ ಹೋಗಿ ಕೂತು ನೋಡಿ. ಹತ್ತು ಸಾವಿರ ಇದ್ದರೆ ಮೇಲಿನದ್ದರ ಜೊತೆ ನಿಮ್ಮ ಪಟ್ಟಿಯಲ್ಲಿ ಮೊದಲು ಬಂದ ಒಂದು ಲಿಶಿ, ಅಷ್ಟೇ. ಅದರಲ್ಲಿ ಕೈ ಪಳಗಿದ ಮೇಲೆ ಎರಡನೆಯದು. ಕೀ ಕತ್ತರಿಸುವ ಯಂತ್ರ ಈಗಾಗಲೇ ಇರುವವರು ಲಿಶಿಗೆ ಮೊದಲು ದುಡ್ಡು ಹಾಕುವುದರಲ್ಲಿ ಅರ್ಥ ಇದೆ, ಏಕೆಂದರೆ ಓದಿದ ಅಂಕಿಯನ್ನು ಅಲ್ಲೇ ಕೀ ಮಾಡಬಹುದು. ಯಂತ್ರ ಇಲ್ಲದವರಿಗೆ ಆ ಅರ್ಧ ಲಾಭ ಸಿಗುವುದಿಲ್ಲ.

ಹೆದ್ದಾರಿಯವರ ಮಾತು ಬೇರೆ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಸುಮಾರು 60 ಕಿ.ಮೀ., ಅಲ್ಲಿಂದ ಹಿರಿಯೂರಿನ ಕಡೆ ಇನ್ನೂ ದೂರ. ರಾತ್ರಿ ಗಾಡಿ ನಿಲ್ಲಿಸಿ ಟೀ ಕುಡಿಯಲು ಇಳಿದವರ ಕೀ ಒಳಗೆ ಉಳಿದಿರುತ್ತದೆ. ಅವರಿಗೆ ಬೇಕಾದ್ದು ಬೇಗ ಹೊರಡುವುದು. ಬರುವ ಗಾಡಿ ಪುಣೆಯದ್ದೋ, ಬೆಂಗಳೂರಿನದ್ದೋ, ಯಾವ ಕಂಪನಿಯದ್ದೋ ಗೊತ್ತಿಲ್ಲ. ಇಲ್ಲಿ ಗಾಳಿ ಚೀಲವೇ ಸರಿ, ಲಿಶಿ ಬೇಡ. ತಲೆಗೆ ಕಟ್ಟುವ ಲೈಟು, ಮಿಂಚುವ ಜಾಕೆಟ್, ರಸ್ತೆ ಮೇಲೆ ಇಡುವ ಕೆಂಪು ತ್ರಿಕೋನ, ಇವು ಮೂರೂ ಸಾಮಾನಿನಷ್ಟೇ ಮುಖ್ಯ. ಬ್ಯಾಟರಿ ಜಂಪರ್ ಒಂದಿದ್ದರೆ ಬ್ಯಾಟರಿ ಇಳಿದು ನಿಂತ ಗಾಡಿಗೂ ಉಪಯೋಗ.

ಯಾವ ಸಾಮಾನು ಕೊಂಡರೂ ಜೊತೆಗೆ ಒಂದು ನೋಟ್‌ಬುಕ್ ಇಡಿ. ಗಾಡಿ ಮುಟ್ಟುವ ಮೊದಲು ಆರ್‌ಸಿ, ಡಿಎಲ್ ನೋಡಿ. ಆರ್‌ಸಿ ಕಾರಿನೊಳಗೇ ಇದೆ ಅಂದರೆ ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ತೋರಿಸಲಿ. ಗಾಡಿ ಬೇರೆಯವರ ಹೆಸರಿನಲ್ಲಿದ್ದರೆ ಅವರಿಗೆ ಫೋನ್ ಮಾಡಿ ಕೇಳಿ. ಗಾಡಿ ನಂಬರ್, ಹೆಸರು, ಸಮಯ, ಸಹಿ ಬರೆಸಿಕೊಳ್ಳಿ, ಬಾಗಿಲಿನ ಫೋಟೋ ಮೊದಲೂ ಆಮೇಲೂ ತೆಗೆಯಿರಿ. ತೋರಿಸಲು ಹಿಂಜರಿದರೆ ಎಷ್ಟೇ ಕೂಲಿ ಕೊಡುತ್ತೇನೆ ಅಂದರೂ ಚೀಲ ಬಿಚ್ಚಬೇಡಿ. ಅನುಮಾನ ಬಂದರೆ ಅದಕ್ಕೂ 112 ಇದೆ.

ಕೊನೆಗೆ ಕಾರಿನ ಮಾಲೀಕರಿಗೆ, ನೀವೂ ಇದನ್ನು ಓದುತ್ತಿದ್ದರೆ: ಕೀ ಮಾಡುವವರನ್ನು ಕರೆದಾಗ "ಯಾವ ಸಾಮಾನಿನಲ್ಲಿ ತೆರೀತೀರಿ?" ಅಂತ ಕೇಳಿ. ಹೊಸ ಕಾರಿಗೆ ಪಟ್ಟಿ ಇಳಿಸುತ್ತೇನೆ ಅಂದರೆ ಬೇಡ ಅನ್ನಿ. ಗಾಳಿ ಚೀಲ ಅಂದರೆ ಅಂಚಿಗೆ ಹೊದಿಕೆ ಇಡ್ತೀರಾ ಅಂತ ಕೇಳಿ. ಹೊಸ ಗಾಡಿಯ ಕೀ ಜೊತೆ ನಂಬರ್ ಇರುವ ಸಣ್ಣ ಬಿಲ್ಲೆ ಬಂದಿದ್ದರೆ ಅದನ್ನು ಕಾರಿನಲ್ಲಿ ಇಡದೆ ಮನೆಯ ಬೀರುವಿನಲ್ಲಿ ಇಡಿ. ಕೀ ಕಳೆದರೆ ಆ ನಂಬರಿನಿಂದಲೇ ಹೊಸದನ್ನು ಮಾಡಿಸಬಹುದು. ಎರಡನೆಯ ಕೀ ಬೇರೆ ಊರಿನಲ್ಲಿ ಓದುವ ಮಗನ ಹತ್ತಿರ ಇದ್ದರೆ ಉಪಯೋಗ ಇಲ್ಲ, ಊರಲ್ಲೇ ಇರುವ ಒಬ್ಬರ ಮನೆಯಲ್ಲಿ ಇಟ್ಟಿರಿ. ಗಾಡಿ ಕಳುವಾದಾಗ ವಿಮೆ ಕಂಪನಿಯವರು ಎರಡೂ ಕೀ ಕೇಳುತ್ತಾರೆ.